ಕಾಫಿ ಸ್ಟೌಟ್‌ಗೆ ನಾನು ಅಂಕ ಹಾಕಿದ್ದು ಹೀಗೆ

ಫ್ರಿಜ್‌ನಿಂದ ತೆಗೆದ ಕೂಡಲೇ ಕುಡಿದು ಕಾಫಿ ಸ್ಟೌಟ್‌ಗೆ, ಅಂದರೆ ಹುರಿದ ಬಾರ್ಲಿಯ ಜೊತೆ ಕಾಫಿಯನ್ನೂ ಹಾಕಿ ಮಾಡಿದ ಕಪ್ಪು ಬಿಯರ್‌ಗೆ, ಅಂಕ ಹಾಕಬೇಡಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಕಾರವಾರದ ಸೆಕೆಯಲ್ಲಿ ನಮಗೆಲ್ಲ ಬಿಯರ್ ಅಂದರೆ ಬಾಟಲಿ ಮೈಮೇಲೆ ನೀರು ಇಳಿಯುವಷ್ಟು ತಣ್ಣಗಿರಬೇಕು. ಮಾಮೂಲಿಯಾಗಿ ಸಿಗುವ ಹೊಂಬಣ್ಣದ ಲಾಗರ್ ಬಿಯರ್‌ಗೆ ಅದು ಸರಿ. ಆದರೆ ಕಪ್ಪು, ದಪ್ಪ, ಕಾಫಿ ಹಾಕಿದ ಸ್ಟೌಟ್ 4 ಡಿಗ್ರಿಯಲ್ಲಿ ಬಾಯೇ ಬಿಡೋದಿಲ್ಲ. ಬರೀ ಕಹಿ ಸಿಗುತ್ತದೆ, ಘಮ ಸಿಗೋದಿಲ್ಲ. 10ರಿಂದ 13 ಡಿಗ್ರಿಗೆ ಬಂದ ಮೇಲೆ ಅದೇ ಲೋಟದಲ್ಲಿ ಬೇರೆಯೇ ಬಿಯರ್ ಇರುತ್ತದೆ.

ಇನ್ನೊಂದು ಮಾತು. ನಮ್ಮಲ್ಲಿ ಸ್ಟ್ರಾಂಗ್ ಬಿಯರ್ ಅಂದರೆ ವೈನ್ ಶಾಪ್‌ನಲ್ಲಿ ಸಿಗುವ 650 ಮಿಲಿ ಬಾಟಲಿ ನೆನಪಾಗುತ್ತದೆ. ಭಾರತದ ಆಹಾರ ಸುರಕ್ಷತಾ ನಿಯಮದ ಪ್ರಕಾರ ಶೇ 5ಕ್ಕಿಂತ ಜಾಸ್ತಿ, 8ರವರೆಗೆ ಆಲ್ಕೋಹಾಲ್ ಇದ್ದರೆ ಅದು ಸ್ಟ್ರಾಂಗ್. ಅಲ್ಲಿ ಸ್ಟ್ರಾಂಗ್ ಅನ್ನೋದು ಕಿಕ್‌ಗೆ ಹೇಳಿದ ಮಾತು, ರುಚಿಗೆ ಅಲ್ಲ. ನಾನು ಹೇಳುತ್ತಿರುವ ಸ್ಟೌಟ್‌ನಲ್ಲಿ ಎರಡೂ ಇವೆ. ಅಮೆರಿಕದ ಮಿಶಿಗನ್ ರಾಜ್ಯದ ಗ್ರ್ಯಾಂಡ್ ರ್‍ಯಾಪಿಡ್ಸ್ ಊರಿನ ಫೌಂಡರ್ಸ್ ಕಂಪನಿಯ ಬ್ರೇಕ್‌ಫಾಸ್ಟ್ ಸ್ಟೌಟ್, ಶೇ 8.3. ಓಟ್ಸ್, ಚಾಕೊಲೇಟ್, ಜೊತೆಗೆ ಸುಮಾತ್ರಾ ಮತ್ತು ಹವಾಯಿಯ ಕೋನಾ ಕಾಫಿ ಹಾಕಿ ಮಾಡಿದ್ದು. ಬಾಟಲಿ 355 ಮಿಲಿ ಅಷ್ಟೇ. ಸಣ್ಣದು ಅಂತ ಅಂದುಕೊಳ್ಳಬೇಡಿ. ಲೆಕ್ಕ ಹಾಕಿ ನೋಡಿ, ಅದರಲ್ಲಿ ಸುಮಾರು 29 ಮಿಲಿ ಅಪ್ಪಟ ಆಲ್ಕೋಹಾಲ್ ಇದೆ. ಶೇ 42.8ರ ವಿಸ್ಕಿಯ 60 ಮಿಲಿ ಪೆಗ್‌ನಲ್ಲಿ ಇರೋದು 26ಕ್ಕಿಂತ ಕಡಿಮೆ. ಹಾಗಾಗಿ ಒಂದು ಬಾಟಲಿಯನ್ನು ಇಬ್ಬರು ಹಂಚಿಕೊಂಡೆವು. ಕಾಫಿ ಇದೆ, ಅಮಲು ಏರೋದಿಲ್ಲ ಅನ್ನುವವರಿದ್ದಾರೆ. ಅದು ತಪ್ಪು. ಕೆಫೀನ್ ಅಮಲನ್ನು ಇಳಿಸೋದಿಲ್ಲ, ಎಚ್ಚರ ಇದ್ದ ಹಾಗೆ ಅನಿಸುತ್ತದೆ ಅಷ್ಟೇ.

ಬಾಟಲಿ ಬಂದದ್ದು ಹಡಗಿನಲ್ಲಿ ಕೆಲಸ ಮಾಡುವ ಕೋಡಿಬಾಗದ ಗೆಳೆಯನಿಂದ. ಹಡಗಿನ ಡ್ಯೂಟಿ ಮುಗಿಸಿ ಅಮೆರಿಕದಿಂದ ವಿಮಾನದಲ್ಲಿ ಬೆಂಗಳೂರಿಗೆ ಇಳಿದವನು ನಾಲ್ಕು ಬಾಟಲಿಯ ಒಂದು ಪ್ಯಾಕ್ ತಂದಿದ್ದ. ಹೊರದೇಶದಿಂದ ಬರುವವರು ಸುಂಕ ಕಟ್ಟದೆ 2 ಲೀಟರ್‌ವರೆಗೆ ಮದ್ಯ ತರಬಹುದು, ಬಿಯರೂ ಅದರಲ್ಲೇ ಸೇರಿತು. ಗೋವಾ ಪಕ್ಕದಲ್ಲೇ ಇದೆಯಲ್ಲ, ಅಲ್ಲಿಂದ ತರಬಹುದಲ್ವಾ ಅಂತ ಕೇಳುತ್ತೀರಿ. ಪರ್ಮಿಟ್ ಇಲ್ಲದೆ ಗಡಿ ದಾಟಿಸುವಂತಿಲ್ಲ, ಮಾಜಾಳಿಯಲ್ಲಿ ಅಬಕಾರಿಯವರು ನೋಡುತ್ತಾರೆ. ಅಲ್ಲಿ ಒಳ್ಳೆಯ ಸ್ಟೌಟ್ ಸಿಕ್ಕರೆ ಅಲ್ಲೇ ಕೂತು ರುಚಿ ನೋಡಿ, ವಾಪಸ್ ಗಾಡಿ ಓಡಿಸಲು ಕುಡಿಯದವರು ಒಬ್ಬರು ಇರಲಿ.

ಈಗ ಅಸಲು ಪ್ರಶ್ನೆ. ಕಾಫಿ ಸ್ಟೌಟ್‌ನಲ್ಲಿ ನಮಗೆ ಸಿಗುವ ಕಾಫಿ ರುಚಿ ನಿಜವಾಗಿ ಕಾಫಿಯದ್ದೇ? ಕಾಫಿ ಒಂದು ಕಾಳೂ ಹಾಕದ ಸ್ಟೌಟ್ ಕೂಡ ಕಾಫಿ ಥರ ಇರುತ್ತದೆ. ಕಾರಣ ಹುರಿಯುವುದರಲ್ಲಿದೆ. 1817ರಲ್ಲಿ ಇಂಗ್ಲೆಂಡಿನ ಡೇನಿಯಲ್ ವೀಲರ್ ಎಂಬಾತ ಮಾಲ್ಟನ್ನು, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು, ತಿರುಗುವ ಕಬ್ಬಿಣದ ಡ್ರಮ್ಮಿನಲ್ಲಿ ಹುರಿಯುವ ವಿಧಾನಕ್ಕೆ ಪೇಟೆಂಟ್ ತೆಗೆದ. ಕಾಫಿ ಬೀಜ ಹುರಿಯುವ ಡ್ರಮ್ಮಿನಂಥದ್ದೇ ಅದು. ಅಲ್ಲಿಯವರೆಗೆ ಮಾಲ್ಟನ್ನು ಸುಡದೆ ಅಷ್ಟು ಕಪ್ಪಾಗಿ ಹುರಿಯೋದು ಕಷ್ಟವಿತ್ತು. ಬೀಜವಾಗಲಿ ಬಾರ್ಲಿಯಾಗಲಿ, ಅಷ್ಟು ಬಿಸಿಗೆ ಒಳಗಿನ ಸಕ್ಕರೆ ಅಂಶ ಮತ್ತು ಪ್ರೋಟೀನ್ ಅಂಶ ಕೂಡಿ ಕಂದು ಬಣ್ಣ ಬರುತ್ತದೆ, ಅದೇ ಜಾತಿಯ ಪರಿಮಳವೂ ಬರುತ್ತದೆ. ಹೀಗಿರುವಾಗ ಬಿಯರ್ ಮಾಡುವವರು ಕಾಫಿಯನ್ನು ಬೇರೆ ಹಾಕಿದ್ದಾರೆ ಅಂದರೆ ಅದು ಏನನ್ನು ಸೇರಿಸಿತು ಅಂತ ಹುಡುಕಬೇಕು. ನಾನು ಅಂಕ ಹಾಕೋದೇ ಈ ಲೆಕ್ಕದ ಮೇಲೆ. ಕಾಫಿ ಬೇರೆ, ಹುರಿದ ಬಾರ್ಲಿ ಬೇರೆ ಅಂತ ನಾಲಿಗೆಗೆ ಗೊತ್ತಾಗಬೇಕು, ಆದರೂ ಎರಡೂ ಜಗಳ ಆಡಬಾರದು.

ಇದನ್ನು ಗುರುತು ಹಿಡಿಯಲು ನಾನು ಎರಡು ಸಣ್ಣ ಲೋಟ ಪಕ್ಕದಲ್ಲಿ ಇಟ್ಟುಕೊಳ್ಳುತ್ತೇನೆ. ಒಂದರಲ್ಲಿ ತಣ್ಣೀರಲ್ಲಿ ಇಳಿಸಿದ ಕಾಫಿ: ಚಿಕೋರಿ ಇಲ್ಲದ ಅರೇಬಿಕಾ ಪುಡಿ, ದಪ್ಪಗೆ ಬೀಸಿದ್ದು, 10 ಗ್ರಾಂಗೆ 150 ಮಿಲಿ ನೀರು, ರಾತ್ರಿಯಿಡೀ ಫ್ರಿಜ್‌ನಲ್ಲಿಟ್ಟು ಬೆಳಿಗ್ಗೆ ಬಟ್ಟೆಯಲ್ಲಿ ಸೋಸಿದ್ದು. ಚಿಕೋರಿ ಇದ್ದರೆ ಈ ಆಟ ನಡೆಯೋದಿಲ್ಲ, ಯಾಕೆಂದರೆ ಅದರ ಸುಟ್ಟ ಸಿಹಿ ಎಲ್ಲವನ್ನೂ ಮುಚ್ಚಿಬಿಡುತ್ತದೆ. ಇನ್ನೊಂದು ಲೋಟದಲ್ಲಿ ಬಾರ್ಲಿ ನೀರು. ಕಿರಾಣಿ ಅಂಗಡಿಯ ಮಾಮೂಲು ಬಾರ್ಲಿಯನ್ನು ಕಬ್ಬಿಣದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಕೈ ಬಿಡದೆ ಹುರಿಯಬೇಕು, ಕಡು ಕಂದು ದಾಟಿ ಕಪ್ಪಿಗೆ ತಿರುಗುವ ಹೊತ್ತಿಗೆ ಇಳಿಸಿ, ಕುದಿಸಿ, ಸೋಸಿ, ಆರಿಸಬೇಕು. ಕಿಟಕಿ ತೆಗೆದಿಟ್ಟು ಹುರಿಯಿರಿ, ಹೊಗೆ ಮನೆ ತುಂಬುತ್ತದೆ.

ಎರಡನ್ನೂ ಒಂದೊಂದು ಗುಟುಕು ಕುಡಿದು ನೋಡಿದರೆ ವ್ಯತ್ಯಾಸ ಥಟ್ಟನೆ ಗೊತ್ತಾಗುತ್ತದೆ. ಕಾಫಿಯ ಕಹಿ ನಾಲಿಗೆಯ ಮೇಲೆ ಹರಡಿ, ಸ್ವಲ್ಪ ಹುಳಿ ತೋರಿಸಿ, ಬೇಗ ಇಳಿಯುತ್ತದೆ, ಮೂಗಿನಲ್ಲಿ ಪರಿಮಳ ಉಳಿಯುತ್ತದೆ. ಬಾರ್ಲಿಯ ಕಹಿ ಒಣಕಲು, ಗಂಟಲ ಹತ್ತಿರ ಕೂತು ಬಾಯನ್ನು ಒಗರು ಮಾಡುತ್ತದೆ, ಮೂಗಿನಲ್ಲಿ ಕಾಫಿಯಷ್ಟು ಪರಿಮಳ ಉಳಿಯೋದಿಲ್ಲ. ಇಷ್ಟು ಗೊತ್ತಾದ ಮೇಲೆ ಬಾಯಿ ನೀರಿನಿಂದ ತೊಳೆದು ಬಿಯರ್ ಮುಟ್ಟಬೇಕು.

ಲೋಟದ ವಿಷಯ. ವೈನ್ ಗ್ಲಾಸ್ ಸಾಕು, ಹೊಟ್ಟೆ ಅಗಲ ಬಾಯಿ ಕಿರಿದು ಇದ್ದರೆ ಘಮ ಒಳಗೇ ನಿಲ್ಲುತ್ತದೆ. ಆದರೆ ಜಿಡ್ಡು ಇರಬಾರದು. ದಿನವೂ ಮೀನು ಹುರಿಯುವ ನಮ್ಮ ಕರಾವಳಿ ಅಡುಗೆಮನೆಯಲ್ಲಿ ತೊಳೆದಿಟ್ಟ ಗಾಜಿನ ಮೇಲೂ ಎಣ್ಣೆ ಪಸೆ ಕೂತಿರುತ್ತದೆ, ಅದು ನೊರೆಯನ್ನು ಕೊಲ್ಲುತ್ತದೆ. ನಾನು ಬಿಸಿನೀರು, ಅಡುಗೆ ಸೋಡಾ ಹಾಕಿ ತಿಕ್ಕಿ, ತಣ್ಣೀರಲ್ಲಿ ಚೆನ್ನಾಗಿ ಜಾಲಿಸಿ, ಬಟ್ಟೆ ತಾಗಿಸದೆ ಮಗುಚಿ ಒಣಗಿಸುತ್ತೇನೆ. ಜಾಗವೂ ಮುಖ್ಯ. ಅಡುಗೆಮನೆ ಪಕ್ಕ ಬೇಡ, ದೇವರ ಮನೆಯ ಊದಿನಕಡ್ಡಿ ಹತ್ತಿರವೂ ಬೇಡ. ನಾವು ಮಾಳಿಗೆಯ ಜಗುಲಿಯಲ್ಲಿ ಕೂತೆವು.

ಫ್ರಿಜ್‌ನಿಂದ ತೆಗೆದ ಬಾಟಲಿಯನ್ನು ಒಮ್ಮೆಗೇ ಪೂರ್ತಿ ಸುರಿಯಲಿಲ್ಲ. ಲೋಟ ಓರೆ ಹಿಡಿದು ಕಾಲು ಭಾಗ ಸುರಿದು, ಕೊನೆಗೆ ನೆಟ್ಟಗೆ ಮಾಡಿ ನೊರೆ ಎಬ್ಬಿಸಿದೆ. ನೊರೆ ಕಂದು ಬಣ್ಣ, ಸಣ್ಣ ಗುಳ್ಳೆ, ನಿಧಾನಕ್ಕೆ ಇಳಿದು ಗಾಜಿಗೆ ಅಂಟಿಕೊಂಡಿತು. ಬಿಯರ್ ಪೂರಾ ಕಪ್ಪು, ಮೊಬೈಲ್ ಟಾರ್ಚ್ ಹಿಡಿದರೂ ಅಂಚಿನಲ್ಲಿ ಮಾತ್ರ ಮುರುಗಲು (ಕೋಕಂ) ಹಣ್ಣಿನ ಸಿಪ್ಪೆಯ ಕೆಂಪು ಕಂಡಿತು. ಅಡುಗೆ ಥರ್ಮಾಮೀಟರ್ ಇಟ್ಟು ನೋಡುತ್ತಾ ಇದ್ದೆ. 6 ಡಿಗ್ರಿಯಲ್ಲಿ ಮೂಗಿಗೆ ಬಂದದ್ದು ಬರೀ ಹುರಿದ ವಾಸನೆ, ಅದು ಕಾಫಿಯೋ ಬಾರ್ಲಿಯೋ ಹೇಳಲು ಆಗಲಿಲ್ಲ. ಘಮಕ್ಕೆ ಇರುವ 12 ಅಂಕದಲ್ಲಿ 7 ಅಂತ ಪೆನ್ಸಿಲ್‌ನಲ್ಲಿ ಬರೆದೆ. ಅಂಗೈಯಲ್ಲಿ ಲೋಟದ ಹೊಟ್ಟೆ ಹಿಡಿದು ಕಾದೆವು. ನಮ್ಮ ಹವೆಗೆ ಜಾಸ್ತಿ ಹೊತ್ತೇನೂ ಬೇಕಾಗೋದಿಲ್ಲ.

12 ಡಿಗ್ರಿ ತೋರಿಸಿದಾಗ ಲೋಟ ಒಂದು ಸುತ್ತು ತಿರುಗಿಸಿ ಮತ್ತೆ ಮೂಸಿದೆ. ಉದ್ದಕ್ಕೆ ಎಳೆಯಬೇಡಿ, ಚಿಕ್ಕ ಚಿಕ್ಕದಾಗಿ ಎರಡು ಸಲ ಮೂಸಿ ಬಿಡಿ, ಮಧ್ಯೆ ನಿಮ್ಮ ತೋಳನ್ನೇ ಮೂಸಿದರೆ ಮೂಗು ಮತ್ತೆ ಹಸನಾಗುತ್ತದೆ. ಈಗ ಕಾಫಿ ಎದ್ದು ಬಂತು. ಫಿಲ್ಟರ್ ಕಾಫಿಯ ಘಮ ಅಲ್ಲ, ಮಣ್ಣಿನ ವಾಸನೆ ಸ್ವಲ್ಪ ಇರುವ, ಹುಳಿ ಕಡಿಮೆ ಇರುವ ಕಾಫಿ. ನಮ್ಮ ಕರಾವಳಿಯಲ್ಲಿ ಮಳೆಗಾಲದ ಗಾಳಿಗೆ ಬೀಜ ಒಡ್ಡಿ ಉಬ್ಬಿಸಿ ಮಾಡುವ ಮಾನ್ಸೂನ್ಡ್ ಮಲಬಾರ್ ಕುಡಿದವರಿಗೆ ಈ ಗುಣ ಗೊತ್ತಿರುತ್ತದೆ. ಇಲ್ಲಿ ಅದು ಸುಮಾತ್ರಾ ಬೀಜದಿಂದ ಬಂದಿರಬೇಕು, ಅಲ್ಲಿ ಬೀಜ ಇನ್ನೂ ಹಸಿ ಇರುವಾಗಲೇ ಸಿಪ್ಪೆ ತೆಗೆಯುತ್ತಾರೆ, ಹಾಗಾಗಿ ಮಣ್ಣಿನ ಗುಣ ಜಾಸ್ತಿ. ಅದರ ಹಿಂದೆ ಚಾಕೊಲೇಟ್, ಅದರ ಹಿಂದೆ ಜೋನಿ ಬೆಲ್ಲ, ಅಂದರೆ ನೀರಾಗಿರುವ ಬೆಲ್ಲ. ಜೋನಿ ಬೆಲ್ಲ ಅಂತ ನಾನು ಹೇಳುವ ಮೊದಲೇ ಎದುರು ಕೂತ ಶಿರಸಿಯ ಗೆಳೆಯ ಹೇಳಿದ. 7 ಅಳಿಸಿ 10 ಬರೆದೆ.

ಬಾಯಿಗೆ ಹಾಕಿಕೊಂಡಾಗ ಮೊದಲು ಸಿಹಿ, ಮಧ್ಯದಲ್ಲಿ ಕಾಫಿ, ಕೊನೆಗೆ ಬಾರ್ಲಿಯ ಒಣ ಕಹಿ. ಮೂರೂ ಸಾಲಾಗಿ ಬಂದವು, ಪಕ್ಕದ ಎರಡು ಲೋಟ ಇದ್ದದ್ದರಿಂದ ಒಂದೊಂದನ್ನೂ ಬೆರಳಿಟ್ಟು ತೋರಿಸಲು ಆಯಿತು. ಓಟ್ಸ್ ಇರುವುದಕ್ಕೆ ನಾಲಿಗೆಗೆ ನುಣುಪು. ಆಲ್ಕೋಹಾಲ್ ಗಂಟಲು ಸುಡಲಿಲ್ಲ, ನುಂಗಿದ ಮೇಲೆ ಎದೆಯಲ್ಲಿ ಬೆಚ್ಚಗೆ ಅನಿಸಿತು. ನನಗೆ ಬೇಕಿದ್ದದ್ದು ಇನ್ನೊಂದು ಚೂರು ಹುಳಿ. ಕಾಫಿಯಲ್ಲಿ ಆ ಹುಳಿ ಇದ್ದರೆ ಬಾಯಿ ಮತ್ತೆ ಚುರುಕಾಗುತ್ತದೆ, ಅದು ನನ್ನ ಇಷ್ಟ ಅಷ್ಟೇ.

ಅಂಕಕ್ಕೆ ನಾನು ಬಳಸೋದು ಅಮೆರಿಕದ ಬಿಜೆಸಿಪಿಯ 50 ಅಂಕದ ಹಾಳೆ. 1985ರಲ್ಲಿ ಶುರುವಾದ, ಬಿಯರ್ ತೀರ್ಪುಗಾರರನ್ನು ತಯಾರು ಮಾಡುವ ಸಂಸ್ಥೆ ಅದು. ಘಮಕ್ಕೆ 12, ನೋಟಕ್ಕೆ 3, ರುಚಿಗೆ 20, ಬಾಯಲ್ಲಿ ಕೂರುವ ಗುಣಕ್ಕೆ 5, ಒಟ್ಟಾರೆಗೆ 10. ನೋಟಕ್ಕೆ ಬರೀ 3 ಇಟ್ಟಿರೋದು ನನಗೆ ಬಹಳ ಇಷ್ಟ. ನೊರೆಯ ಫೋಟೊ ನೋಡಿ ಅಂಕ ಕೊಡುವ ಅಭ್ಯಾಸಕ್ಕೆ ಇದು ಒಳ್ಳೆಯ ಕಡಿವಾಣ. ನಾನು ಕೊಟ್ಟದ್ದು 10, 3, 17, 4, 8, ಒಟ್ಟು 42. ಆ ಹಾಳೆಯಲ್ಲಿ 38ರಿಂದ 44 ಅಂದರೆ ಅತ್ಯುತ್ತಮ ದರ್ಜೆ. ಶಿರಸಿಯವನು ಮಾತ್ರ 34ಕ್ಕೆ ನಿಲ್ಲಿಸಿದ. "ಸಕ್ಕರೆ ಹಾಕಿದ್ದೇ ಇಲ್ವನ ಮಾರಾಯ?" ಅಂದ. ಹಾಲು ಸಕ್ಕರೆ ಹಾಕಿದ ಕಾಫಿಯೇ ಅವನಿಗೆ ಕಾಫಿ. ಅವನ ಅಂಕವನ್ನೂ ಹಾಗೇ ಬರೆದಿಟ್ಟೆ. ಇಬ್ಬರು ಬೇರೆ ಬೇರೆ ಬರೆದು ಆಮೇಲೆ ತೋರಿಸಿಕೊಳ್ಳಬೇಕು, ಮೊದಲೇ ಮಾತಾಡಿದರೆ ಒಬ್ಬನ ನಾಲಿಗೆ ಇನ್ನೊಬ್ಬನದಾಗುತ್ತದೆ.

ಖರೀದಿಸುವವರು ಬಾಟಲಿಯ ಮೇಲಿನ ದಿನಾಂಕ ನೋಡಲೇಬೇಕು. ಕಪ್ಪು ಸ್ಟ್ರಾಂಗ್ ಸ್ಟೌಟ್‌ಗಳು ವರ್ಷಗಟ್ಟಲೆ ಇಟ್ಟರೂ ಚೆನ್ನಾಗಿರುತ್ತವೆ, ಆದರೆ ಕಾಫಿ ಹಾಗಲ್ಲ. ಅದರ ಘಮ ತಿಂಗಳುಗಳಲ್ಲೇ ಇಳಿಯುತ್ತದೆ, ಕೆಲವೊಮ್ಮೆ ಹೆಚ್ಚಿದ ಹಸಿ ದೊಣ್ಣೆಮೆಣಸಿನ ವಾಸನೆ ಬರುತ್ತದೆ. ಬೇರೆ ಒಂದು ಹಳೆಯ ಬಾಟಲಿಯಲ್ಲಿ ನನಗೆ ಆ ವಾಸನೆ ಅಷ್ಟು ಜೋರಾಗಿ ಸಿಕ್ಕಿದೆ, ಕಾಫಿ ಇದೆ ಅನ್ನೋದೇ ಗೊತ್ತಾಗಲಿಲ್ಲ. ಹಾಗಾಗಿ ಉಳಿದ ಬಾಟಲಿಗಳನ್ನು ಕಾಪಾಡಿಡುವ ಯೋಚನೆ ಇಲ್ಲ, ಮಳೆ ಶುರುವಾಗುವ ಮೊದಲೇ ತೆಗೆಯುತ್ತೇನೆ.

ತಿನ್ನೋದೆಲ್ಲ ಅಂಕ ಹಾಕಿದ ಮೇಲೆ. ಖಾರದ ಬಂಗಡೆ ಫ್ರೈ ಇದಕ್ಕೆ ಸರಿಹೋಗಲಿಲ್ಲ, ಆಲ್ಕೋಹಾಲ್ ಖಾರವನ್ನು ಇನ್ನಷ್ಟು ಏರಿಸುತ್ತದೆ. ಇಂಗ್ಲೆಂಡಿನಲ್ಲಿ ಸ್ಟೌಟ್ ಜೊತೆ ಆಯ್ಸ್ಟರ್ ಎಂಬ ಚಿಪ್ಪುಮೀನು ತಿನ್ನುವ ಹಳೆಯ ರೂಢಿ ಇದೆ. ಅದನ್ನು ನೆನೆದು ಕುಮಟೆಯಿಂದ ತರಿಸಿದ ಅಘನಾಶಿನಿ ಹೊಳೆಯ ಬಳಚನ್ನು, ಅದೂ ಚಿಪ್ಪುಮೀನೇ, ಮಸಾಲೆ ಹಾಕದೆ ಬರೀ ಆವಿಯಲ್ಲಿ ಬೇಯಿಸಿದೆವು. ಅದರ ಉಪ್ಪು ನೀರು ಬಾರ್ಲಿಯ ಕಹಿಯನ್ನು ಹಿಡಿದು ತಗ್ಗಿಸಿತು, ಕಾಫಿ ಮೇಲೆ ಬಂತು. ಎಲ್ಲಕ್ಕಿಂತ ಚೆನ್ನಾಗಿ ಕೂಡಿದ್ದು ಶಿರಸಿಯವನು ಮನೆಯಿಂದ ತಂದ, ಕಾಗದದಷ್ಟು ತೆಳುವಾದ ಸಿಹಿ ತಿಂಡಿ ತೊಡೆದೇವು. ಕಬ್ಬಿನ ಹಾಲಿನ ಸಿಹಿ ಇದೆಯಲ್ಲ, ಅದು ಸೇರಿದ ಕೂಡಲೇ ಚಾಕೊಲೇಟ್ ದುಪ್ಪಟ್ಟಾಯಿತು, ಅವನೂ 34ನ್ನು 37 ಮಾಡಲು ಹೊರಟ. ತಿಂದ ಮೇಲೆ ಅಂಕ ತಿದ್ದುವಂತಿಲ್ಲ ಅಂತ ನಾನು ಒಪ್ಪಲಿಲ್ಲ. ನೀವು ಮಾಡುವುದಾದರೆ ತೊಡೆದೇವಿಗೆ ತುಪ್ಪ ಹಚ್ಚಬೇಡಿ, ತುಟಿಯ ಜಿಡ್ಡು ತಾಗಿದರೆ ಸಾಕು, ಲೋಟದಲ್ಲಿ ಉಳಿದ ನೊರೆಯೂ ಹೋಗುತ್ತದೆ.