ಸಾಹಿತ್ಯ ಪ್ರಬಂಧದಲ್ಲಿ ಉಲ್ಲೇಖ: ಓದುಗ ಅದೇ ಸಾಲಿಗೆ ತಲುಪುವಂತೆ

ಪುಸ್ತಕ ಕೈಯಲ್ಲಿರುವಾಗಲೇ ಅದರ ವಿವರ ಬರೆದಿಟ್ಟುಕೊಳ್ಳಿ: ಲೇಖಕ, ಕೃತಿ, ಸಂಪಾದಕ ಅಥವಾ ಅನುವಾದಕ, ಎಷ್ಟನೆಯ ಮುದ್ರಣ, ಪ್ರಕಾಶಕ, ವರ್ಷ. ಬಿಡಿ ಲೇಖನವಾದರೆ ಅದು ಯಾವ ಸಂಕಲನದಲ್ಲಿದೆ, ಯಾವ ಪುಟದಿಂದ ಯಾವ ಪುಟದವರೆಗೆ ಎಂಬುದೂ ಬೇಕು. ಇದನ್ನೆಲ್ಲ ರಕ್ಷಾಪುಟ ನೋಡಿ ಬರೆಯಬೇಡಿ. ಒಳಗಿನ ಶೀರ್ಷಿಕೆ ಪುಟ ಮತ್ತು ಅದರ ಹಿಂಬದಿ, ಇವೆರಡೇ ನಂಬತಕ್ಕವು. ಎರಡರದ್ದೂ ಫೋಟೊ ತೆಗೆದಿಟ್ಟುಕೊಂಡರೆ ಪ್ರಬಂಧ ಒಪ್ಪಿಸುವ ಹಿಂದಿನ ದಿನ ಗ್ರಂಥಾಲಯಕ್ಕೆ ಓಡುವುದು ತಪ್ಪುತ್ತದೆ.

ಆ ಹಿಂಬದಿಯಲ್ಲಿ ಮೊದಲ ಮುದ್ರಣ, ಎರಡನೆಯ ಮುದ್ರಣ ಎಂದು ಸಾಲಾಗಿ ವರ್ಷಗಳಿರುತ್ತವೆ. ನೀವು ಓದಿದ ಪ್ರತಿ ಯಾವುದೋ ಅದರ ವರ್ಷವನ್ನೇ ಕೊಡಬೇಕು. ಹೆಚ್ಚಿನವರು ಎಡವುವುದು ಇಲ್ಲಿಯೇ. ವರ್ಷ ಮೊದಲ ಮುದ್ರಣದ್ದು, ಪುಟಸಂಖ್ಯೆ ಇತ್ತೀಚಿನದ್ದು ಎಂದಾದರೆ ಓದುಗನಿಗೆ ಆ ಸಾಲು ಯಾವ ಪ್ರತಿಯಲ್ಲೂ ಸಿಗುವುದಿಲ್ಲ, ಏಕೆಂದರೆ ಮತ್ತೆ ಅಕ್ಷರ ಜೋಡಿಸಿದಾಗ ಪುಟಗಳೆಲ್ಲ ಸರಿದಿರುತ್ತವೆ. ಕೃತಿ ಮೊದಲು ಬಂದ ವರ್ಷ ನಿಮ್ಮ ವಾದಕ್ಕೆ ಮುಖ್ಯವಾಗಿದ್ದರೆ ಅದನ್ನು ಕೃತಿಯ ಹೆಸರಿನ ಪಕ್ಕದಲ್ಲಿ ಬೇರೆಯಾಗಿ ಸೇರಿಸಬಹುದು.

ಇನ್ನು ಶೈಲಿ. ಸಾಹಿತ್ಯದಲ್ಲಿ ಹೆಚ್ಚು ಬಳಕೆಯಲ್ಲಿರುವುದು ಎಂಎಲ್‌ಎ (ಶಾಸಕರಲ್ಲ, ಮಾಡರ್ನ್ ಲ್ಯಾಂಗ್ವೇಜ್ ಅಸೋಸಿಯೇಷನ್) ಮತ್ತು ಶಿಕಾಗೊ (ಶಿಕಾಗೊ ವಿಶ್ವವಿದ್ಯಾಲಯದ ಪ್ರಕಾಶನದ ಕೈಪಿಡಿ). ಎಂಎಲ್‌ಎ ಕೈಪಿಡಿಯ 9ನೆಯ ಆವೃತ್ತಿ 2021ರಲ್ಲಿ ಬಂತು, ಶಿಕಾಗೊದ 18ನೆಯದು 2024ರಲ್ಲಿ. ಸಮಾಜವಿಜ್ಞಾನದವರ ಎಪಿಎ (ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್) ಶೈಲಿಯಲ್ಲಿ ಲೇಖಕರ ಹೆಸರಿನ ಜೊತೆ ವರ್ಷ ಬರುತ್ತದೆ. ಅಲ್ಲಿ ಸಂಶೋಧನೆ ಎಷ್ಟು ಹೊಸದು ಎಂಬುದು ಮುಖ್ಯ. ಸಾಹಿತ್ಯದಲ್ಲಿ ಮುಖ್ಯವಾದದ್ದು ಕೃತಿಯ ಮಾತು. ಅದಕ್ಕೇ ಎಂಎಲ್‌ಎಯಲ್ಲಿ ಹೆಸರಿನ ಪಕ್ಕ ನೇರವಾಗಿ ಪುಟಸಂಖ್ಯೆ: (ಅನಂತಮೂರ್ತಿ 42). ನಡುವೆ ಅಲ್ಪವಿರಾಮವಿಲ್ಲ, ‘ಪು.’ ಎಂದೂ ಇಲ್ಲ. ಪೂರ್ಣವಿರಾಮ ಆವರಣ ಮುಗಿದ ಮೇಲೆ. ವಾಕ್ಯದಲ್ಲೇ ಲೇಖಕರ ಹೆಸರು ಬಂದಿದ್ದರೆ ಆವರಣದಲ್ಲಿ ಪುಟ ಮಾತ್ರ ಸಾಕು. ಒಬ್ಬರದೇ ಎರಡು ಕೃತಿ ಬಳಸಿದ್ದರೆ ಕೃತಿಯ ಚಿಕ್ಕ ಹೆಸರೂ ಬೇಕು.

ಪ್ರಬಂಧದ ಕೊನೆಯಲ್ಲಿ ಕೊಡುವ ಉಲ್ಲೇಖಿತ ಕೃತಿಗಳ ಪಟ್ಟಿಯಲ್ಲಿ ಅನುವಾದಿತ ಕಾದಂಬರಿಯೊಂದು ಹೀಗೆ ಬರುತ್ತದೆ:

ಅನಂತಮೂರ್ತಿ, ಯು. ಆರ್. ‘ಸಂಸ್ಕಾರ’. ಅನುವಾದ ಎ. ಕೆ. ರಾಮಾನುಜನ್, ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್, 1976.

ವಿರಾಮಚಿಹ್ನೆ ಗಮನಿಸಿ. ಲೇಖಕರ ನಂತರ ಒಂದು ಪೂರ್ಣವಿರಾಮ, ಕೃತಿಯ ನಂತರ ಇನ್ನೊಂದು, ಆಮೇಲೆ ಕೊನೆಯವರೆಗೂ ಅಲ್ಪವಿರಾಮ. ನಮೂದು ಎರಡನೆಯ ಸಾಲಿಗೆ ಹೋದರೆ ಆ ಸಾಲು ಅರ್ಧ ಇಂಚು ಒಳಗೆ. ಪ್ರಕಟಣೆಯ ಊರನ್ನು ಎಂಎಲ್‌ಎ 2016ರಲ್ಲೇ ಕೈಬಿಟ್ಟಿದೆ. 1900ಕ್ಕಿಂತ ಹಿಂದಿನ ಪುಸ್ತಕಗಳಿಗೆ ಮಾತ್ರ ಪ್ರಕಾಶಕರ ಬದಲು ಊರು ಹಾಕಬಹುದು. ಇಂಗ್ಲಿಷಿನಲ್ಲಿ ಕೃತಿಯ ಹೆಸರು ಇಟಾಲಿಕ್ಸ್‌ನಲ್ಲಿರುತ್ತದೆ. ಕನ್ನಡ ಅಕ್ಷರವನ್ನು ಹಾಗೆ ವಾಲಿಸಿದರೆ ಒತ್ತಕ್ಷರ ಓದಲು ಕಷ್ಟ, ನೋಡಲೂ ಚೆನ್ನಾಗಿರುವುದಿಲ್ಲ. ಒಂಟಿ ಉದ್ಧರಣ ಚಿಹ್ನೆ ಸಾಕು, ಆದರೆ ಇಡೀ ಪ್ರಬಂಧದಲ್ಲಿ ಅದೇ ಇರಲಿ.

ನಮ್ಮ ಹೆಸರುಗಳು ಈ ನಿಯಮಗಳಿಗೆ ಸುಲಭವಾಗಿ ಒಗ್ಗುವುದಿಲ್ಲ. ‘ಕಾರ್ನಾಡ, ಗಿರೀಶ’ ಎಂದು ತಿರುಗಿಸುವುದು ಸಲೀಸು, ಅಲ್ಲಿ ಕುಲನಾಮವಿದೆ. ಯು. ಆರ್. ಎಂಬಂಥ ಇನಿಷಿಯಲ್ ಕುಲನಾಮವಲ್ಲ. ಅದು ಹಿಂದೆ ಹೋಗಿ, ವ್ಯಕ್ತಿಯ ಹೆಸರೇ ಮುಂದೆ ಬರಬೇಕು. ಕುವೆಂಪು ಅವರನ್ನು ಪುಟ್ಟಪ್ಪ ಎಂದು ಹಾಕಿದರೆ ಹುಡುಕುವವರಿಗೆ ತೊಂದರೆ; ಪುಸ್ತಕದ ಮೇಲೆ ಇರುವ ಕಾವ್ಯನಾಮದಡಿಯಲ್ಲೇ ಇರಲಿ. ಉಲ್ಲೇಖಗಳನ್ನು ಜೋಡಿಸಿಕೊಡುವ ಝೊಟೆರೊ ತಂತ್ರಾಂಶ ಬಳಸುವವರು ಇಂಥ ಹೆಸರಿಗೆ ಒಂದೇ ಖಾನೆಯ ಆಯ್ಕೆ ಒತ್ತಬೇಕು. ತಂತ್ರಾಂಶಕ್ಕೇ ಬಿಟ್ಟರೆ ಕಾವ್ಯನಾಮದಲ್ಲಿ ಎರಡು ಪದಗಳಿದ್ದರೆ ಒಂದನ್ನು ಕುಲನಾಮ ಮಾಡಿಬಿಡುತ್ತದೆ.

ಉದ್ಧರಣೆ ಎಷ್ಟು ಉದ್ದ ಎಂಬುದಕ್ಕೂ ಎಂಎಲ್‌ಎಯಲ್ಲಿ ಲೆಕ್ಕವಿದೆ. ನಿಮ್ಮ ಹಸ್ತಪ್ರತಿಯಲ್ಲಿ ಗದ್ಯ ನಾಲ್ಕು ಸಾಲು ಮೀರಿದರೆ, ಪದ್ಯ ಮೂರು ಸಾಲು ಮೀರಿದರೆ, ಅದನ್ನು ಬೇರೆ ಪ್ಯಾರಾ ಮಾಡಿ ಅರ್ಧ ಇಂಚು ಒಳಗೆ ಸರಿಸಿ. ಆಗ ಉದ್ಧರಣ ಚಿಹ್ನೆ ಬೇಡ, ಪೂರ್ಣವಿರಾಮವೂ ಆವರಣಕ್ಕಿಂತ ಮೊದಲೇ ಬರುತ್ತದೆ. ಅದಕ್ಕಿಂತ ಚಿಕ್ಕ ಪದ್ಯಭಾಗವನ್ನು ವಾಕ್ಯದೊಳಗೇ ಬರೆದು ಸಾಲು ಮುರಿದಲ್ಲಿ ಓರೆಗೆರೆ ಹಾಕಿ, ಚರಣ ಮುಗಿದಲ್ಲಿ ಎರಡು ಓರೆಗೆರೆ. ಮೂಲದ ಕಾಗುಣಿತ ತಿದ್ದಬೇಡಿ. ಹಳಗನ್ನಡದ ಱ, ೞ ಅಕ್ಷರಗಳನ್ನು ರ, ಳ ಮಾಡಿದರೆ ಕೆಲವೆಡೆ ಅರ್ಥವೇ ಬದಲಾಗುತ್ತದೆ.

ಹಳೆಯ ಕಾವ್ಯಕ್ಕೆ ಪುಟಸಂಖ್ಯೆ ಸಾಲದು. ಪಂಪನಿಗೆ ಆಶ್ವಾಸ ಮತ್ತು ಪದ್ಯ, ಕುಮಾರವ್ಯಾಸನಿಗೆ ಪರ್ವ, ಸಂಧಿ, ಪದ್ಯ, ನಾಟಕಕ್ಕೆ ಅಂಕ ಮತ್ತು ದೃಶ್ಯ ಕೊಡಿ. ಯಾವ ಪ್ರತಿ ಕೈಯಲ್ಲಿದ್ದರೂ ಜಾಗ ಸಿಗುತ್ತದೆ. ಹಾಗೆಂದು ಸಂಪಾದಕರ ಹೆಸರು ಬಿಡುವಂತಿಲ್ಲ, ಪಾಠಾಂತರಗಳಿರುತ್ತವಲ್ಲ. ವಚನಗಳಲ್ಲಿ ಇನ್ನೂ ಎಚ್ಚರ ಬೇಕು: ವಚನದ ಸಂಖ್ಯೆ ಸಂಪಾದನೆಯಿಂದ ಸಂಪಾದನೆಗೆ ಬದಲಾಗುವುದರಿಂದ ಬರೀ ‘ಬಸವಣ್ಣ, 120’ ಎಂದರೆ ಏನನ್ನೂ ಹೇಳಿದಂತಾಗದು. ಯಾವ ಸಂಪುಟ, ಯಾರ ಸಂಪಾದನೆ ಎಂಬುದೂ ಜೊತೆಗಿರಲಿ.

ಶಿಕಾಗೊ ಶೈಲಿಯಲ್ಲಿ ಅಡಿಟಿಪ್ಪಣಿ. ಮೊದಲ ಸಲ ಪೂರ್ಣ ವಿವರ, ಆಮೇಲೆ ಲೇಖಕ, ಚಿಕ್ಕ ಶೀರ್ಷಿಕೆ, ಪುಟ. ‘ಅದೇ’, ‘ಪೂರ್ವೋಕ್ತ’ ಎಂದು ಬರೆಯುವ ರೂಢಿ ನಮ್ಮ ಪ್ರಬಂಧಗಳಲ್ಲಿ ಇನ್ನೂ ಇದೆ. ತಿದ್ದುವಾಗ ನಡುವೆ ಒಂದು ಹೊಸ ಟಿಪ್ಪಣಿ ಸೇರಿತೆಂದರೆ ‘ಅದೇ’ ಬೇರೆ ಪುಸ್ತಕಕ್ಕೆ ಬೆರಳು ತೋರಿಸುತ್ತದೆ. 2017ರ ಆವೃತ್ತಿಯಿಂದ ಶಿಕಾಗೊ ಕೂಡ ಚಿಕ್ಕ ಶೀರ್ಷಿಕೆಯೇ ಮೇಲು ಎನ್ನುತ್ತದೆ.

ಬೇರೊಬ್ಬ ವಿಮರ್ಶಕರ ಪುಸ್ತಕದಲ್ಲಿ ಕಂಡ ಉದ್ಧರಣೆಯನ್ನು ಮೂಲ ಓದಿದಂತೆ ಹಾಕುವುದು ಅಪ್ರಾಮಾಣಿಕತೆ, ಸಿಕ್ಕಿಬೀಳುವುದೂ ಸುಲಭ: ಅವರು ಮಾಡಿದ ಅಕ್ಷರದೋಷ ನಿಮ್ಮಲ್ಲೂ ಕಾಣಿಸಿಕೊಳ್ಳುತ್ತದೆ. ಮೂಲ ಹುಡುಕಿ, ಸಿಗದಿದ್ದರೆ ‘ಉದ್ಧೃತ’ ಎಂದು ಬರೆದು, ನಿಮಗೆ ಅದು ಸಿಕ್ಕ ಪುಸ್ತಕದ ಹೆಸರನ್ನೇ ಕೊಡಿ.

ಕಾದಂಬರಿಯೊಳಗೆ ನಡೆಯುವುದನ್ನು ವರ್ತಮಾನದಲ್ಲಿ ಹೇಳಿ, ಲೇಖಕರ ಜೀವನ ಮತ್ತು ಪ್ರಕಟಣೆಯ ಸಂಗತಿಗಳನ್ನು ಭೂತಕಾಲದಲ್ಲಿ.

ಒಪ್ಪಿಸುವ ಮುನ್ನ ಕಡತದಲ್ಲಿ ತೆರೆದ ಆವರಣ ಚಿಹ್ನೆಯನ್ನು ಹುಡುಕಲು ಕೊಟ್ಟು ಒಂದೊಂದಾಗಿ ನಿಲ್ಲುತ್ತ ಹೋಗಿ. ಅಲ್ಲಿರುವ ಹೆಸರು ಕೊನೆಯ ಪಟ್ಟಿಯಲ್ಲಿದ್ದರೆ ಗೀಟು ಹಾಕಿ. ಕೊನೆಗೆ ಪಟ್ಟಿಯಲ್ಲಿ ಗೀಟಿಲ್ಲದೆ ಉಳಿದ ಪುಸ್ತಕಗಳನ್ನು ತೆಗೆದುಬಿಡಿ. ಎಂಎಲ್‌ಎ ಪಟ್ಟಿಯಲ್ಲಿ ಓದಿದ್ದಕ್ಕೆಲ್ಲ ಜಾಗವಿಲ್ಲ, ಉಲ್ಲೇಖಿಸಿದ್ದಕ್ಕೆ ಮಾತ್ರ.