ಬೀಗದ ಕೈ ಯಾರ ಹತ್ತಿರ ಇದೆ?

ಆ ದಿನ ನಾನು ಶಾಲೆಯಲ್ಲಿ ಇರಲಿಲ್ಲ. ತಾಲ್ಲೂಕಿನಲ್ಲಿ ಮುಖ್ಯ ಶಿಕ್ಷಕರ ಮೀಟಿಂಗ್ ಇತ್ತು. ಹನ್ನೊಂದೂವರೆ ಹೊತ್ತಿಗೆ ಸಹಶಿಕ್ಷಕರೊಬ್ಬರು ಫೋನ್ ಮಾಡಿದರು. ‘ಮೇಡಂ, ಗಾಬರಿ ಆಗ್ಬೇಡಿ, ಈಗ ಎಲ್ಲಾ ಆರಿದೆ’ ಅಂದರು. ಹಾಗಂದ ಮೇಲೆ ಗಾಬರಿ ಆಗದೆ ಇರೋಕಾಗುತ್ತಾ?

ಬಿಸಿಯೂಟದ ಅಡುಗೆ ಮನೆಯಲ್ಲಿ ಒಲೆಗೆ ಸೇರುವ ಜಾಗದಲ್ಲಿ ಗ್ಯಾಸ್ ಪೈಪ್ ಸೀಳಿ ಬೆಂಕಿ ಹೊತ್ತಿಕೊಂಡಿತ್ತು. ನಮ್ಮ ಮುಖ್ಯ ಅಡುಗೆಯವರು ಗಟ್ಟಿಗಿತ್ತಿ. ಮೊದಲು ರೆಗ್ಯುಲೇಟರ್ ಆಫ್ ಮಾಡಿದ್ದಾರೆ. ಆಮೇಲೆ ಅಕ್ಕಿಯ ಗೋಣಿಚೀಲವನ್ನು ನೀರಿನ ಬಕೆಟ್‌ನಲ್ಲಿ ಅದ್ದಿ ಪೈಪಿನ ಮೇಲೆ ಹಾಕಿದ್ದಾರೆ. ಅಷ್ಟೇ, ಆರಿತು. ಅವರ ಕೈಯ ರೋಮ ಸುಟ್ಟಿದ್ದು ಬಿಟ್ಟರೆ ಯಾರಿಗೂ ಏನೂ ಆಗಲಿಲ್ಲ.

ಸಾಯಂಕಾಲ ನಾನು ಹೋದಾಗ ಅವರು ಕೇಳಿದ್ದು ಒಂದೇ ಮಾತು. ‘ಆ ಕೆಂಪು ಡಬ್ಬ ನಿಮ್ಮ ಬೀರುವಿನಲ್ಲಿ ಯಾಕಿದೆ ಮೇಡಂ?’

ಕೆಂಪು ಡಬ್ಬ ಅಂದರೆ ಬೆಂಕಿ ಆರಿಸುವ ಸಿಲಿಂಡರ್. ಆರು ಕಿಲೋದ್ದು, ಎಬಿಸಿ ಪೌಡರ್. ಹಿಂದಿನ ವರ್ಷ ಶಾಲೆಯ ಮೈಕ್ ಸೆಟ್ ಕಳುವಾಗಿತ್ತು, ನಲ್ಲಿಯ ತಲೆಗಳೂ ಹೋಗಿದ್ದವು. ಇದೂ ಹೋದರೆ ಲೆಕ್ಕ ಕೊಡಬೇಕಾದವಳು ನಾನು. ಹಾಗಾಗಿ ಬೀರುವಿನಲ್ಲಿಟ್ಟು ಬೀಗ ಹಾಕಿದ್ದೆ. ಆ ದಿನ ಬೀಗದ ಕೈ ನನ್ನ ಬ್ಯಾಗಿನಲ್ಲಿ, ಹದಿನೆಂಟು ಕಿಲೋಮೀಟರ್ ದೂರದಲ್ಲಿ ಇತ್ತು. ಸ್ಟಾಕ್ ಪುಸ್ತಕದಲ್ಲಿ ಮಾತ್ರ ‘ಅಗ್ನಿಶಾಮಕ ಸಾಧನ: 1, ಸುಸ್ಥಿತಿಯಲ್ಲಿದೆ’ ಅಂತ ನನ್ನದೇ ಕೈಬರಹ.

ಮರುದಿನ ಬೆಳಿಗ್ಗೆ ಒಂದು ಹಾಳೆ ತಗೊಂಡು ಶಾಲೆ ಸುತ್ತಿದೆ. ಎಲ್ಲೆಲ್ಲಿ ಬೀಗ ಇದೆ, ಅದರ ಕೈ ಯಾರ ಹತ್ತಿರ ಇದೆ, ಅವರು ರಜಾ ಹಾಕಿದರೆ ಯಾರ ಹತ್ತಿರ. ಮೂರೇ ಕಾಲಂ. ಸುರಕ್ಷತೆ ಬಗ್ಗೆ ಇಲಾಖೆಯಿಂದ ಬಂದ ಸುತ್ತೋಲೆಗಳು ನನ್ನ ಹತ್ತಿರ ಒಂದು ಫೈಲ್ ತುಂಬ ಇವೆ. ಅವನ್ನೆಲ್ಲ ಓದಿ ಸಹಿ ಹಾಕಿದ್ದೇನೆ ಕೂಡ. ಆದರೆ ನನ್ನ ಶಾಲೆ ನನಗೆ ಅರ್ಥವಾಗಿದ್ದು ಈ ಹಾಳೆಯಿಂದ.

ಮೊದಲ ಆಘಾತ ಹೆಣ್ಣುಮಕ್ಕಳ ಶೌಚಾಲಯ. ನಮ್ಮಲ್ಲಿ 62 ಹುಡುಗಿಯರು. 40 ಹುಡುಗಿಯರಿಗೆ ಒಂದು ಶೌಚಾಲಯ ಅನ್ನುವುದು ಸ್ವಚ್ಛ ವಿದ್ಯಾಲಯ ಅನ್ನೋ ಸರ್ಕಾರಿ ಯೋಜನೆಯ ಲೆಕ್ಕ. ನಮ್ಮಲ್ಲಿ ಎರಡಿವೆ, ಲೆಕ್ಕ ಸರಿಯಾಗಿದೆ. ಶಾಲೆಯ ಅಂಕಿಅಂಶ ಸರ್ಕಾರಕ್ಕೆ ಕೊಡುವ ಯುಡೈಸ್ ಫಾರಂನಲ್ಲಿ ‘ಬಳಕೆಯಲ್ಲಿದೆ’ ಅಂತಲೇ ತುಂಬಿದ್ದೆ. ಆದರೆ ಸಂಜೆ ಊರ ಹುಡುಗರು ಬಂದು ಗಲೀಜು ಮಾಡುತ್ತಾರೆ ಅಂತ ಅದಕ್ಕೆ ಬೀಗ. ಕೀ ಸ್ಟಾಫ್ ರೂಮಿನ ಮೊಳೆಯ ಮೇಲೆ. ಮೊಳೆಯ ಕೆಳಗೆ ಕೂರುವವರು ಗಣಿತದ ಮೇಷ್ಟ್ರು. ಪಾಪ, ಒಳ್ಳೆಯ ಮನುಷ್ಯ. ಆದರೆ ಏಳನೇ ಕ್ಲಾಸಿನ ಹುಡುಗಿ ಅವರ ಮುಂದೆ ಹೋಗಿ ಶೌಚಾಲಯದ ಕೀ ಕೇಳುತ್ತಾಳಾ?

ಆ ವಾರ ಪೂರ್ತಿ ಮಧ್ಯಾಹ್ನ ಮೂರಕ್ಕೆ ಕ್ಲಾಸಿಗೆ ಹೋಗಿ ಮಕ್ಕಳ ನೀರಿನ ಬಾಟಲಿ ನೋಡಿದೆ. ಆರು, ಏಳನೇ ಕ್ಲಾಸಿನ ಹುಡುಗಿಯರ ಬಾಟಲಿಗಳು ಬೆಳಿಗ್ಗೆ ತುಂಬಿಕೊಂಡು ಬಂದ ಹಾಗೇ ಇದ್ದವು. ನೀರೇ ಕುಡಿಯುತ್ತಿರಲಿಲ್ಲ. ತಲೆನೋವು, ಹೊಟ್ಟೆನೋವು ಅಂತ ಮನೆಗೆ ಕಳಿಸಿ ಅಂತ ಬರುತ್ತಿದ್ದವರೂ ಇವರೇ. ನಾನು ಅದನ್ನು ‘ಓದಿನ ಕಳ್ಳಾಟ’ ಅಂದುಕೊಂಡಿದ್ದೆ.

ಬೀಗ ತೆಗೆಸಿದೆ. ಆದರೂ ಯಾರೂ ಹೋಗಲಿಲ್ಲ. ಯಾಕೆ ಅಂತ ಒಳಗೆ ಹೋಗಿ ನೋಡಿದರೆ ಒಳಚಿಲಕವೇ ಇಲ್ಲ, ಮುರಿದು ಎಷ್ಟು ದಿನ ಆಗಿತ್ತೋ. ಹೊರಗೆ ಬೀಗ ಹಾಕುವ ಚಿಲಕ ಮಾತ್ರ ಗಟ್ಟಿಮುಟ್ಟಾಗಿತ್ತು! ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಹೊರಗೆ ಬಾಗಿಲು ಹಿಡಿದುಕೊಂಡು ನಿಲ್ಲಬೇಕು. ಎರಡು ಚಿಲಕ, ಎಂಟು ಸ್ಕ್ರೂ, ಅರ್ಧ ಗಂಟೆ ಕೆಲಸ. ಶಾಲಾ ಅನುದಾನದಲ್ಲಿ ಇಷ್ಟು ಕಮ್ಮಿ ಖರ್ಚಿನ ವೋಚರ್ ನಾನು ಬರೆದೇ ಇರಲಿಲ್ಲ. ಈಗ ಬೀಗ ಬೀಳುವುದು ಶಾಲೆ ಬಿಟ್ಟ ಮೇಲೆ. ಬೆಳಿಗ್ಗೆ ತೆಗೆಯುವುದು ಅಡುಗೆಯವರು, ಏಕೆಂದರೆ ಎಲ್ಲರಿಗಿಂತ ಮೊದಲು ಬರುವವರು ಅವರೇ.

ಇನ್ನು ಬೀಗ ಬೇಕಾದ ಕಡೆ ಬೀಗವೇ ಇರಲಿಲ್ಲ. ಫಿನೈಲ್, ಶೌಚಾಲಯ ತೊಳೆಯುವ ಆಸಿಡ್, ಬ್ಲೀಚಿಂಗ್ ಪೌಡರ್ ಮೂರೂ ಅಡುಗೆ ಮನೆಯ ಕೆಳಗಿನ ಗೂಡಿನಲ್ಲಿ ಇದ್ದವು. ಪಕ್ಕದಲ್ಲೇ ಎಣ್ಣೆ ಕ್ಯಾನ್. ಫಿನೈಲನ್ನು ಯಾರೋ ತಂಪು ಪಾನೀಯದ ಖಾಲಿ ಬಾಟಲಿಗೆ ಬಗ್ಗಿಸಿಟ್ಟಿದ್ದರು. ಅದನ್ನು ನೋಡಿದಾಗ ನನಗೆ ಬಿಹಾರದ ಸಾರಣ್ ಜಿಲ್ಲೆಯ ಘಟನೆ ನೆನಪಾಯಿತು. 2013ರ ಜುಲೈ 16. ಮೊನೊಕ್ರೊಟೊಫಾಸ್ ಅನ್ನೋ ಕೀಟನಾಶಕ ಬೆರೆತಿದ್ದ ಎಣ್ಣೆಯಲ್ಲಿ ಮಾಡಿದ ಬಿಸಿಯೂಟ ಉಂಡು 23 ಮಕ್ಕಳು ಸತ್ತರು. ಆ ಶಾಲೆಯ ಮುಖ್ಯ ಶಿಕ್ಷಕಿಗೆ ಜೈಲು ಶಿಕ್ಷೆಯಾಯಿತು.

ಮಕ್ಕಳಿಗೆ ಬಡಿಸುವ ಮೊದಲು ದೊಡ್ಡವರು ರುಚಿ ನೋಡಬೇಕು, ಅವರಲ್ಲಿ ಒಬ್ಬರಾದರೂ ಶಿಕ್ಷಕರಿರಬೇಕು ಅನ್ನುವ ನಿಯಮ ಸುಮ್ನೆ ಇರುವುದಲ್ಲ. ನಾನು ಏನು ಮಾಡುತ್ತಿದ್ದೆ ಗೊತ್ತಾ? ಶನಿವಾರ ಕೂತು ವಾರದ ಆರು ಸಹಿಯನ್ನೂ ಒಂದೇ ಪೆನ್ನಿನಲ್ಲಿ ಹಾಕುತ್ತಿದ್ದೆ. ಈಗ ರುಚಿ ನೋಡುವ ಪುಸ್ತಕ ಅಡುಗೆ ಮನೆ ಬಾಗಿಲಿಗೆ ದಾರ ಕಟ್ಟಿ ನೇತು ಹಾಕಿದೆ. ರುಚಿ ನೋಡಿದವರು ಟೈಮ್ ಬರೆದು ಸಹಿ ಹಾಕಬೇಕು. ಒಂದು ದಿನ ಸಾಂಬಾರಿನ ಕಲೆ ಇಲ್ಲದ ಪುಟ ಕಂಡರೆ ನನಗೆ ಅನುಮಾನ. ಫಿನೈಲ್, ಆಸಿಡ್‌ಗೆ ಹೊರಗಡೆ ಬೇರೆ ಪೆಟ್ಟಿಗೆ, ಅದಕ್ಕೆ ಬೀಗ. ಸಂಪಿನ ಮುಚ್ಚಳಕ್ಕೂ ಬೀಗ. ಒಡೆದ ಚಪ್ಪಡಿ ಕಲ್ಲಿನ ಬದಲು ಕಬ್ಬಿಣದ ಮುಚ್ಚಳವನ್ನು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರು ಮಾಡಿಸಿಕೊಟ್ಟರು.

ಗ್ಯಾಸಿನ ವಿಷಯ ಅಡುಗೆಯವರ ಜೊತೆ ಕೂತು ನಾನೂ ಕಲಿತೆ. ಪೈಪಿನ ಮೇಲೆ ಸಣ್ಣ ಅಕ್ಷರದಲ್ಲಿ ತಾರೀಖು ಇರುತ್ತದೆ. ಐದು ವರ್ಷಕ್ಕೆ ಬದಲಿಸಬೇಕು, ನಮ್ಮದು ದಾಟಿತ್ತು. ಸಿಲಿಂಡರಿನ ಮೇಲ್ಗಡೆ ಹಿಡಿಕೆಯ ಪಟ್ಟಿಯ ಒಳಮೈಯಲ್ಲಿ ಒಂದು ಇಂಗ್ಲಿಷ್ ಅಕ್ಷರ ಮತ್ತು ವರ್ಷ ಇರುತ್ತದೆ. ಎ ಅಂದರೆ ಜನವರಿಯಿಂದ ಮಾರ್ಚ್, ಬಿ ಅಂದರೆ ಏಪ್ರಿಲ್‌ನಿಂದ ಜೂನ್, ಹೀಗೆ ಡಿ ತನಕ. ಆ ಸಿಲಿಂಡರನ್ನು ಮತ್ತೆ ಪರೀಕ್ಷೆ ಮಾಡಬೇಕಾದ ಅವಧಿ ಅದು. ಅವಧಿ ಮುಗಿದ ಸಿಲಿಂಡರ್ ಬಂದರೆ ಇಳಿಸಿಕೊಳ್ಳಬೇಡಿ ಅಂತ ಹೇಳಿದೆ. ಹೋದ ತಿಂಗಳು ಅವರು ಒಂದನ್ನು ವಾಪಸ್ ಕಳಿಸಿದರು. ಗಾಡಿಯವನು ಗೊಣಗಿದನಂತೆ. ಗೊಣಗಲಿ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ಮೇಲೆ ಹೋಗದೆ ನೆಲದಲ್ಲೇ ಕೂರುತ್ತದೆ. ಅದಕ್ಕೇ ಗೋಡೆಯ ಕೆಳಗೆ ಒಂದು ಗಾಳಿಕಿಂಡಿ ಕೊರೆಸಿದೆವು, ಇಲಿ ಬರದ ಹಾಗೆ ಜಾಲರಿ ಹಾಕಿಸಿದೆವು.

ಕೆಂಪು ಡಬ್ಬ ಈಗ ಅಡುಗೆ ಮನೆಯ ಹೊರಗೋಡೆಯಲ್ಲಿ, ಬಾಗಿಲ ಪಕ್ಕ, ನನ್ನ ಎದೆ ಮಟ್ಟಕ್ಕೆ ನೇತಾಡುತ್ತಿದೆ. ಒಳಗಿದ್ದರೆ ಬೆಂಕಿ ದಾಟಿ ಹೋಗಿ ತರಬೇಕಲ್ವಾ? ಮೀಟರಿನ ಮುಳ್ಳು ಹಸಿರಿನಲ್ಲಿದೆಯಾ ಅಂತ ಪ್ರತಿ ಸೋಮವಾರ ಏಳನೇ ಕ್ಲಾಸಿನ ಇಬ್ಬರು ನೋಡಿ ಬಂದು ಹೇಳುತ್ತಾರೆ. ರೀಫಿಲ್‌ಗೆ ಹೋಗುವ ಮುಂಚೆ ಹಳೇ ಪೌಡರನ್ನು ಮೈದಾನದಲ್ಲಿ ಒಣ ಸೋಗೆಗೆ ಬೆಂಕಿ ಹಾಕಿ ಅಡುಗೆಯವರ ಕೈಯಲ್ಲೇ ಹೊಡೆಸಿದೆವು. ಪಿನ್ ಎಳೆಯುವುದು, ಮೂತಿಯನ್ನು ಬೆಂಕಿಯ ಬುಡಕ್ಕೆ ಹಿಡಿಯುವುದು, ಒತ್ತುವುದು, ಕಸ ಗುಡಿಸಿದ ಹಾಗೆ ಆಚೆ ಈಚೆ ಆಡಿಸುವುದು. ಕೆಲವೇ ಸೆಕೆಂಡಿನಲ್ಲಿ ಖಾಲಿ. ‘ಅಯ್ಯೋ, ಇಷ್ಟೇನಾ!’ ಅಂದರು ಅವರು. ಅಷ್ಟೇ ಅಂತ ಮೊದಲೇ ಗೊತ್ತಿರುವುದೇ ಒಳ್ಳೆಯದು.

ಜುಲೈ 16ಕ್ಕೆ ಇನ್ನೊಂದು ನೆನಪೂ ಇದೆ. 2004ರಲ್ಲಿ ಅದೇ ದಿನ ತಮಿಳುನಾಡಿನ ಕುಂಭಕೋಣದ ಶಾಲೆಯಲ್ಲಿ ಅಡುಗೆ ಮನೆಯ ಬೆಂಕಿ ಸೋಗೆಯ ಚಾವಣಿಗೆ ಹತ್ತಿ 94 ಮಕ್ಕಳು ಸತ್ತರು. ಆಮೇಲೆ 2009ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಶಾಲೆಗಳಿಗೆ ಕಟ್ಟುನಿಟ್ಟಾಗಿ ಹೇಳಿತು. ಅಡುಗೆ ಮುಖ್ಯ ಕಟ್ಟಡದಿಂದ ದೂರ ಇರಬೇಕು, ಬೆಂಕಿ ಆರಿಸುವ ಸಾಧನ ಇರಬೇಕು, ಅದನ್ನು ಬಳಸಲು ಸಿಬ್ಬಂದಿಗೆ ಬರಬೇಕು. ಹಾಗಾಗಿ ನಮ್ಮ ಅಣಕು ಡ್ರಿಲ್‌ಗೆ ಆ ದಿನವನ್ನೇ ಇಟ್ಟುಕೊಂಡೆವು.

ಮೊದಲ ಡ್ರಿಲ್ ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ. ಬಿಡದೆ ಬೆಲ್ ಹೊಡೆದರೆ ಎಲ್ಲರೂ ಮೈದಾನಕ್ಕೆ ಬರಬೇಕು ಅಂತ ಹೇಳಿದ್ದೆವು. 131 ಮಕ್ಕಳು ಹೊರಗೆ ಬರೋಕೆ ಆರು ನಿಮಿಷ ಬೇಕಾಯಿತು. ಕಾರಣ ಚಪ್ಪಲಿ! ಎಲ್ಲರೂ ಕ್ಲಾಸಿನ ಹೊರಗೆ ಚಪ್ಪಲಿ ಬಿಡುತ್ತಾರೆ. ಪ್ರತಿಯೊಬ್ಬರೂ ಬಾಗಿಲಲ್ಲೇ ಬಗ್ಗಿ ತಮ್ಮ ಚಪ್ಪಲಿ ಹುಡುಕಿದರು, ಹಿಂದಿನವರು ಅವರ ಬೆನ್ನಿಗೆ ಗುದ್ದಿದರು. ಹೊಸ ಚಪ್ಪಲಿಯ ಒಬ್ಬ ಹುಡುಗಿಯಂತೂ ಒಂದೇ ಕಾಲಿನದು ಸಿಕ್ಕಿತು ಅಂತ ಅಳುತ್ತಾ ನಿಂತಳು. ಜಗಲಿಯ ಕೊನೆಯ ಗ್ರಿಲ್ ಗೇಟಿಗೆ ದನ ಬರುತ್ತದೆ ಅಂತ ಬೀಗ, ಅದರ ಕೀ ಹುಡುಕಾಟ ಬೇರೆ. ಕೊನೆಗೆ ಹಾಜರಿ ಕರೆದರೆ ಐದನೇ ಕ್ಲಾಸಿನ ಒಬ್ಬ ಇಲ್ಲ. ನನ್ನ ಜೀವ ಬಾಯಿಗೆ ಬಂತು. ಹತ್ತು ನಿಮಿಷದ ನಂತರ ಅವನು ಫ್ಲಾಸ್ಕ್ ಹಿಡಿದುಕೊಂಡು ಗೇಟಿನಿಂದ ಒಳಗೆ ಬಂದ. ಟೀ ತರೋಕೆ ಕಳಿಸಿದ್ದು ನಮ್ಮವರೇ.

ಅಂದಿನಿಂದ ಟೀ ತರಲು ಮಕ್ಕಳನ್ನು ಕಳಿಸುವುದು ಬಂದ್. ಸ್ಟಾಫ್ ರೂಮಿನಲ್ಲಿ ಇದಕ್ಕೆ ಸ್ವಲ್ಪ ಮುನಿಸಾಯಿತು, ಆಗಲಿ. ಚಪ್ಪಲಿ ಸ್ಟ್ಯಾಂಡ್ ಜಗಲಿಯ ತುದಿಗೆ ಹೋಯಿತು. ಗ್ರಿಲ್ ಗೇಟಿಗೆ ಬೀಗದ ಬದಲು ಅಗಳಿ ಹಾಕಿಸಿದೆವು. ದನಕ್ಕೆ ತೆಗೆಯಲು ಬರಲ್ಲ, ಮೂರನೇ ಕ್ಲಾಸಿನವನಿಗೆ ಬರುತ್ತದೆ. ಮುಂದಿನ ಡ್ರಿಲ್ ಎರಡು ನಿಮಿಷದ ಒಳಗೆ ಮುಗಿಯಿತು.

ದೂರು ಪೆಟ್ಟಿಗೆಯ ಬೀಗ ಬೇರೆ ರೀತಿಯದು. ಪೆಟ್ಟಿಗೆ ನನ್ನ ರೂಮಿನ ಎದುರೇ ಇತ್ತು, ಕೀ ನನ್ನದೇ. ಒಂದು ವರ್ಷ ಒಂದು ಚೀಟಿಯೂ ಬೀಳಲಿಲ್ಲ. ‘ನಮ್ಮ ಮಕ್ಕಳಿಗೆ ದೂರೇ ಇಲ್ಲ’ ಅಂತ ಮೀಟಿಂಗಿನಲ್ಲಿ ಹೆಮ್ಮೆಯಿಂದ ಹೇಳಿದ್ದೆ. ಆಮೇಲೆ ಪೆಟ್ಟಿಗೆಯನ್ನು ನಲ್ಲಿಗಳ ಹಿಂದೆ, ಸ್ಟಾಫ್ ರೂಮಿನಿಂದ ಕಾಣದ ಕಡೆ ಹಾಕಿ, ಕೀಯನ್ನು ಎಸ್‌ಡಿಎಂಸಿಯ ಒಬ್ಬ ತಾಯಿಗೆ ಕೊಟ್ಟೆ. ಮೊದಲ ಶನಿವಾರವೇ ಏಳು ಚೀಟಿ. ಮೂರರಲ್ಲಿ ಮೊಟ್ಟೆ ವಿಷಯ. ಎರಡರಲ್ಲಿ ಗೇಟಿನ ಪಕ್ಕದ ಅಂಗಡಿಯಲ್ಲಿ ದೊಡ್ಡ ಹುಡುಗರಿಗೆ ಗುಟ್ಕಾ ಕೊಡುತ್ತಾರೆ ಅಂತ. ಶಾಲೆಯಿಂದ 100 ಗಜದ ಒಳಗೆ ತಂಬಾಕು ಮಾರಬಾರದು ಅಂತ ಕಾನೂನೇ ಇದೆ, ಪಂಚಾಯಿತಿಗೆ ಬರೆದೆ. ಒಂದರಲ್ಲಿ ನನ್ನ ಬಗ್ಗೆಯೇ ಇತ್ತು, ಜಾಸ್ತಿ ಕೂಗಾಡುತ್ತೇನಂತೆ. ಇನ್ನೊಂದನ್ನು ಇಲ್ಲಿ ಬರೆಯಲ್ಲ. ಮಕ್ಕಳ ಮೈಮುಟ್ಟುವ ಸುದ್ದಿ ಬಂದರೆ ಸ್ಟಾಫ್ ರೂಮಿನಲ್ಲಿ ಪಂಚಾಯಿತಿ ಮಾಡುವ ಹಾಗಿಲ್ಲ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೋ ಕಾಯ್ದೆಯ ಪ್ರಕಾರ ಗೊತ್ತಾದ ಮೇಲೆ ಪೊಲೀಸರಿಗೆ ತಿಳಿಸದಿದ್ದರೆ ನಮ್ಮ ಮೇಲೇ ಕೇಸು. ತಿಳಿಸಬೇಕಾದ ಕಡೆ ಅವತ್ತೇ ತಿಳಿಸಿದೆವು. ಮಕ್ಕಳ ಸಹಾಯವಾಣಿ 1098 ನಂಬರನ್ನು ಪೆಟ್ಟಿಗೆಯ ಮೇಲೇ ಬರೆಸಿದ್ದೇವೆ.

ಹಾಳೆಯಲ್ಲಿ ಕೋಣೆಗೆ ಅಂತ ನಾನು ಹೊಸದಾಗಿ ಹಾಕಿದ ಬೀಗ ಒಂದೇ ಒಂದು. ಹಿಂದುಗಡೆಯ ಹಳೇ ಹೆಂಚಿನ ಕೋಣೆ. ತೊಲೆಗೆ ಗೆದ್ದಲು ಹತ್ತಿ ಒಳಗೆ ಟೊಳ್ಳಾಗಿದೆ, ಬೆರಳಲ್ಲಿ ಕುಟ್ಟಿದರೆ ಸದ್ದೇ ಬೇರೆ. ಮಳೆಗಾಲಕ್ಕೆ ಮುಂಚೆ ಆ ಕ್ಲಾಸನ್ನು ಸಭಾಂಗಣಕ್ಕೆ ಸಾಗಿಸಿದೆ. ಕೆಡವಲು ಅನುಮತಿ ಕೇಳಿ ಬರೆದಿದ್ದೇನೆ, ಕಾಯುತ್ತಿದ್ದೇನೆ. ಈ ಕೀ ಮಾತ್ರ ಯಾರಿಗೂ ಕೊಟ್ಟಿಲ್ಲ. ಅದರ ಕಿಟಕಿಯ ಸರಳು ಒಂದು ಕಿತ್ತುಹೋಗಿದೆ. ಹುಡುಗರು ಜೋರಾಗಿ ಹೊಡೆದ ಚೆಂಡು ಸೀದಾ ಒಳಗೆ ಹೋಗುತ್ತದೆ. ‘ಮಿಸ್, ಒಂದೇ ನಿಮಿಷ ಬಾಗಿಲು ತೆಗೀರಿ’ ಅಂತ ಬಂದು ನಿಲ್ಲುತ್ತಾರೆ. ತೆಗೆಯಲ್ಲ. ಹೊಸ ಚೆಂಡಿಗೆ ದುಡ್ಡು ಕೊಡುತ್ತೇನೆ. ಇಲ್ಲಿಯವರೆಗೆ ಮೂರು ಚೆಂಡು ಒಳಗಿವೆ.