ಅವರ ಸತ್ಯವೇದದಿಂದಲೇ ನಮ್ಮ ಉತ್ತರ: ನನ್ನ ಅನುಭವ

ನಾವು ಕಥೋಲಿಕರು; ಪ್ರಾರ್ಥನಾಕೂಟಗಳಿಗೆ ಬರುವ ಪ್ರೊಟೆಸ್ಟೆಂಟ್ ಪಾಸ್ಟರರು ನಮ್ಮ ನಂಬಿಕೆಗೆ ಎತ್ತುವ ಆಕ್ಷೇಪಗಳಿಗೆ ಅವರದೇ ಸತ್ಯವೇದದಿಂದ, ಅಂದರೆ ಅವರು ಓದುವ ಕನ್ನಡ ಬೈಬಲ್ಲಿನಿಂದ, ಉತ್ತರಿಸುವುದು ನನ್ನ ದಾರಿ. ಕಳೆದ ತಪಸ್ಸುಕಾಲದ, ಅಂದರೆ ಈಸ್ಟರಿಗೆ ಮುಂಚಿನ ಉಪವಾಸಕಾಲದ, ಒಂದು ಗುರುವಾರ ಸಂಜೆ, ನನ್ನ ತಂಗಿಯ ಮನೆಗೆ ಪ್ರಾರ್ಥನಾಕೂಟ ನಡೆಸಲು ಬಂದಿದ್ದ ಪಾಸ್ಟರರು ತಮ್ಮದೇ ಕಪ್ಪು ರಟ್ಟಿನ ಸತ್ಯವೇದವನ್ನು ತೆರೆದು, ಎರಡನೆಯ ಸಮುವೇಲನ ಆರನೆಯ ಅಧ್ಯಾಯದ ಕೊನೆಯ ವಚನವನ್ನು ಗಟ್ಟಿಯಾಗಿ ಓದಿದರು; ಇನ್ನೊಮ್ಮೆ ಮನಸ್ಸಿನಲ್ಲೇ ಓದಿಕೊಂಡು, ಪುಸ್ತಕದ ನಡುವೆ ಬೆರಳಿಟ್ಟುಕೊಂಡೇ, ಆಗಲೇ ತಣ್ಣಗಾಗಿದ್ದ ಕಾಫಿಯ ಲೋಟವನ್ನು ಕೈಗೆತ್ತಿಕೊಂಡರು. ಸೌಲನ ಮಗಳಾದ ಮೀಕಲಳಿಗೆ ಸಾಯುವವರೆಗೂ ಮಕ್ಕಳಾಗಲಿಲ್ಲ ಎಂದು ಅಲ್ಲಿದೆ. ಸತ್ತ ಮೇಲೆ ಆದವೇ ಎಂದು ನಾನು ಕೇಳಲಿಲ್ಲ. ಮಗನನ್ನು ಹೆರುವ ತನಕ ಯೋಸೇಫನು ಮರಿಯಳನ್ನು ಕೂಡಲಿಲ್ಲವೆನ್ನುವ ಮತ್ತಾಯ 1:25ರ ‘ತನಕ’ ಎಂಬ ಮಾತೊಂದನ್ನೇ ಹಿಡಿದು, ಮಾತೆ ಮರಿಯಮ್ಮನವರು ನಿತ್ಯಕನ್ಯೆಯಲ್ಲವೆಂದು ಅವರು ಅದಕ್ಕೆ ಮುಂಚೆ ಅರ್ಧ ಗಂಟೆ ವಾದಿಸಿದ್ದರು. ಅಂದು ಆ ವಾದ ಅಲ್ಲಿಗೇ ನಿಂತಿತು.

ಇದು ಆಗುವ ಕೆಲಸವಲ್ಲ ಎಂದವರೇ ಹೆಚ್ಚು. ವಚನ ಹಿಡಿದು ವಾದಿಸುವುದು ಅವರ ಗರಡಿ, ಅಲ್ಲಿಗೆ ಹೋಗಿ ಮಣ್ಣು ಮುಕ್ಕಬೇಡಿ, ಜಪಸರ ಹೇಳಿಕೊಂಡಿರಿ ಎಂದು ನಮ್ಮ ಧರ್ಮಕೇಂದ್ರದ, ಅಂದರೆ ನಮ್ಮ ಚರ್ಚಿನ, ಹಿರಿಯರು ಬುದ್ಧಿ ಹೇಳಿದ್ದರು. ಅವರ ಮಾತಿಗೆ ಆಧಾರವಿರಲಿಲ್ಲವೆಂದು ಹೇಳಲಾರೆ, ಏಕೆಂದರೆ ಮೊದಲ ನಾಲ್ಕೈದು ವರ್ಷ ನಾನು ನಿಜವಾಗಿಯೂ ಮಣ್ಣು ಮುಕ್ಕಿದ್ದೇನೆ, ಕೈಯಿಂದ ಹಣವನ್ನೂ ಕಳೆದುಕೊಂಡಿದ್ದೇನೆ.

ಮೊದಲನೆಯ ಸೋಲು ಕರಪತ್ರದ್ದು. ಸತ್ತವರ ಆತ್ಮಗಳು ಸ್ವರ್ಗ ಸೇರುವ ಮುನ್ನ ಶುದ್ಧವಾಗುತ್ತವೆಂದು ನಾವು ನಂಬುವ ಶುದ್ಧೀಕರಣ ಸ್ಥಳದ ಬಗ್ಗೆ ನಾಲ್ಕು ಪುಟ ಬರೆದು, 2,000 ಪ್ರತಿ ಅಚ್ಚು ಹಾಕಿಸಿದೆ. ನೆನಪಿರುವಂತೆ ಏಳು ಸಾವಿರ ರೂಪಾಯಿಯ ಮೇಲಾಯಿತು. ಇಡೀ ಬರಹ ನಿಂತಿದ್ದದ್ದು ಎರಡನೆಯ ಮಕ್ಕಬಿಯರ 12ನೆಯ ಅಧ್ಯಾಯದ ಮೇಲೆ, ಮಡಿದ ಸೈನಿಕರಿಗಾಗಿ ಯೂದನು ಕಾಣಿಕೆ ಕಳುಹಿಸಿದ ಪ್ರಸಂಗದ ಮೇಲೆ. ಮೊದಲ ಮನೆಯಲ್ಲೇ ಹುಡುಗನೊಬ್ಬ ತನ್ನ ಸತ್ಯವೇದದ ಪರಿವಿಡಿಯನ್ನು ತೋರಿಸಿ, “ಅಂಕಲ್, ಈ ಪುಸ್ತಕವೇ ನಮ್ಮಲ್ಲಿಲ್ಲವಲ್ಲ” ಎಂದ. ಅವರದು 66 ಪುಸ್ತಕ, ನಮ್ಮದು 73. ಇದು ನನಗೆ ಗೊತ್ತಿರದ ಸಂಗತಿಯೇನಲ್ಲ. ಲೂಥರರ 1534ರ ಜರ್ಮನ್ ಬೈಬಲ್ಲಿನಲ್ಲೂ 1611ರ ಕಿಂಗ್ ಜೇಮ್ಸ್ ಬೈಬಲ್ಲಿನಲ್ಲೂ ಆ ಪುಸ್ತಕಗಳನ್ನು ಬೇರೆ ಭಾಗವಾಗಿ ಅಚ್ಚು ಹಾಕಿದ್ದರೆಂದು ನಾನು ವಿವರಿಸತೊಡಗಿದೆ. ಹುಡುಗನ ತಾಯಿ ಒಲೆಯ ಮೇಲಿನ ಹಾಲು ನೋಡಲು ಎದ್ದು ಹೋದರು. ಉಳಿದ ಕರಪತ್ರಗಳು ಅಟ್ಟ ಸೇರಿ ಗೆದ್ದಲಿಗೆ ಆಹಾರವಾದವು.

ಎರಡನೆಯದು ಗ್ರೀಕಿನ ಹುಚ್ಚು. ಸುಮಾರು ನಾಲ್ಕೂವರೆ ಸಾವಿರ ಕೊಟ್ಟು ಇಂಗ್ಲಿಷ್ ಪುಸ್ತಕಗಳನ್ನು ತರಿಸಿ, ಸಭೆಯ ಬಂಡೆ ಪೇತ್ರನೇ ಎಂದು ತೋರಿಸಲು, ಮತ್ತಾಯ 16:18ರಲ್ಲಿ ಅವನ ಹೆಸರಿಗೂ ಬಂಡೆಗೂ ಬರುವ ‘ಪೇತ್ರೋಸ್’, ‘ಪೇತ್ರ’ ಎಂಬ ಎರಡು ರೂಪಗಳ ಬಗ್ಗೆ ಪಾಠ ಹೇಳಲು ಹೊರಟೆ. ಕೇಳುವವರಿಗೆ ಗ್ರೀಕ್ ಬಾರದು, ನನಗೂ ಅಷ್ಟಕ್ಕಷ್ಟೆ. ಈಗ ಯೋಹಾನ 1:42ನ್ನು ಓದಿಸುತ್ತೇನೆ: ಯೇಸುಸ್ವಾಮಿ ಸೀಮೋನನಿಗೆ (ಪೇತ್ರನ ಮೊದಲ ಹೆಸರು) ‘ಕೇಫ’, ಅಂದರೆ ಬಂಡೆ, ಎಂದೇ ಹೆಸರಿಟ್ಟರೆಂದು ಅಲ್ಲಿದೆ, ಆ ಅರಮಾಯಿಕ್ ಮಾತಿಗೆ ಎರಡು ರೂಪಗಳ ಗೊಡವೆಯಿಲ್ಲ. ಆಮೇಲೆ ಮತ್ತಾಯ 16:19ರ ಬೀಗದ ಕೈಗಳಿಂದ ನೇರವಾಗಿ ಯೆಶಾಯ 22:22ಕ್ಕೆ, ಅರಮನೆಯ ಮೇಲ್ವಿಚಾರಕನಾದ ಎಲ್ಯಾಕೀಮನ ಹೆಗಲ ಮೇಲಿಟ್ಟ ಬೀಗದ ಕೈಗೆ.

ಮೂರನೆಯ ಸೋಲನ್ನು ಹೇಳಲು ಈಗಲೂ ನಾಚಿಕೆಯಾಗುತ್ತದೆ. ಆರು ಸಾವಿರ ಖರ್ಚು ಮಾಡಿ ಸಭಾಂಗಣ, ಮೈಕು, ಕುರ್ಚಿಗಳನ್ನು ಬಾಡಿಗೆಗೆ ಹಿಡಿದು ಬಹಿರಂಗ ಚರ್ಚೆ ಏರ್ಪಡಿಸಿದೆ. ಸ್ವರೂಪಗಳ, ಅಂದರೆ ಚರ್ಚಿನ ಪ್ರತಿಮೆಗಳ, ವಿಷಯ ಬಂದಾಗ, ವಿಮೋಚನಕಾಂಡ 25ರ ಕೆರೂಬಿಗಳನ್ನೂ (ರೆಕ್ಕೆಯುಳ್ಳ ದೂತರ ಪ್ರತಿಮೆಗಳು) ಅರಣ್ಯಕಾಂಡ 21ರ ತಾಮ್ರದ ಸರ್ಪವನ್ನೂ ತೋರಿಸಿ, ದೇವರೇ ಮಾಡಿಸಿದ್ದಾರಲ್ಲ ಎಂದು ಗೆದ್ದವನಂತೆ ನಿಂತೆ. ಎದುರಿಗಿದ್ದವರು ನಿಧಾನವಾಗಿ ಎರಡನೆಯ ಅರಸುಗಳು 18:4ನ್ನು ಓದಿದರು: ಜನರು ಆ ಸರ್ಪಕ್ಕೆ ಧೂಪ ಹಾಕುತ್ತಿದ್ದರಾದ್ದರಿಂದ ಹಿಜ್ಕೀಯನು ಅದನ್ನು ಒಡೆದುಹಾಕಿದನು. “ನಿಮ್ಮ ಹಬ್ಬದಲ್ಲಿ ಧೂಪ ಹಾಕುವುದಿಲ್ಲವೇ?” ಎಂದು ಕೇಳಿದರು. ಸಭೆಯಲ್ಲಿ ನಗು. ನಾನು ಆ ವಚನವನ್ನು ಅದುವರೆಗೆ ಓದಿಯೇ ಇರಲಿಲ್ಲ.

ಆ ರಾತ್ರಿ ತೀರ್ಮಾನಿಸಿದ್ದೇ ಇಂದಿನ ವಿಧಾನ. ನಮ್ಮ ಪವಿತ್ರ ಬೈಬಲ್ಲನ್ನು ಮನೆಯಲ್ಲಿಟ್ಟು, 300 ರೂಪಾಯಿಯ ಆಸುಪಾಸಿನಲ್ಲಿ ಅವರ ಸತ್ಯವೇದವನ್ನೇ ಕೊಂಡೆ. ನಮ್ಮಲ್ಲಿ ‘ಯೊವಾನ್ನ’, ಅವರಲ್ಲಿ ‘ಯೋಹಾನ’. ನಮ್ಮಲ್ಲಿ ‘ಸರ್ವೇಶ್ವರ’, ಅವರಲ್ಲಿ ‘ಯೆಹೋವ’. ನಮ್ಮಲ್ಲಿ ‘ಪ್ರೇಷಿತರ ಕಾರ್ಯಕಲಾಪಗಳು’, ಅವರಲ್ಲಿ ‘ಅಪೊಸ್ತಲರ ಕೃತ್ಯಗಳು’. ಇಷ್ಟು ವ್ಯತ್ಯಾಸ ಸಾಕು, ನಾವು ಬೇರೆ ಗ್ರಂಥವನ್ನೇ ಓದುತ್ತೇವೆಂಬ ಅನುಮಾನ ಹುಟ್ಟಲು. ಆ ಸತ್ಯವೇದದ ಅಂಚಿನಲ್ಲಿ, ಪ್ರತಿ ವಿಷಯದ ಮೊದಲ ವಚನದ ಪಕ್ಕದಲ್ಲಿ, ಮುಂದೆ ತೆರೆಯಬೇಕಾದ ವಚನದ ಸಂಖ್ಯೆಯನ್ನು ಬರೆದೆ. ಅಲ್ಲಿ ಅದರ ಮುಂದಿನದು. ಮೊದಲ ಕೊಂಡಿಯೊಂದು ನೆನಪಿದ್ದರೆ ಸರಪಳಿ ತಾನಾಗಿ ಬಿಚ್ಚಿಕೊಳ್ಳುತ್ತದೆ. ಪೂಜೆಯ ರೊಟ್ಟಿ ಸ್ವಾಮಿಯ ಶರೀರವೇ ಎಂದು ನಾವು ನಂಬುವ ಪರಮಪ್ರಸಾದಕ್ಕೆ ಮತ್ತಾಯ 26:26ರಿಂದ ಹೊರಟು, ಮೊದಲನೆಯ ಕೊರಿಂಥ 10:16, 11:27, ಅಲ್ಲಿಂದ ಯೋಹಾನ 6:51ರಿಂದ 66. ಬರೀ ಸಂಕೇತವಾಗಿದ್ದರೆ ಬಿಟ್ಟು ಹೊರಟ ಶಿಷ್ಯರನ್ನು ಸ್ವಾಮಿ ಕರೆದು ಬಿಡಿಸಿ ಹೇಳುತ್ತಿರಲಿಲ್ಲವೇ ಎಂಬುದಷ್ಟೇ ಪ್ರಶ್ನೆ. ಆದರೆ ನಡುವೆ ಬರುವ, ಮಾಂಸದಿಂದ ಪ್ರಯೋಜನವಿಲ್ಲ ಎನ್ನುವ 63ನೆಯ ವಚನಕ್ಕೆ ಮೊದಲೇ ಸಿದ್ಧರಾಗಿರಬೇಕು, ಅವರು ಅಲ್ಲೇ ಹಿಡಿಯುತ್ತಾರೆ. ಬಣ್ಣದ ಸ್ಕೆಚ್ ಪೆನ್ನಿನಿಂದ ಗುರುತು ಹಾಕಲು ಹೋಗಿ ಮೊದಲ ಪ್ರತಿ ಹಾಳಾಯಿತು. ತೆಳು ಕಾಗದದಲ್ಲಿ ಶಾಯಿ ಮೂರು ಪುಟ ಇಳಿಯುತ್ತದೆ. ಮರದ ಬಣ್ಣದ ಪೆನ್ಸಿಲ್ ಸಾಕು.

ವಚನವನ್ನು ನಾನು ಓದುವುದಿಲ್ಲ, ಅವರಿಂದಲೇ ಓದಿಸುತ್ತೇನೆ. ಒಂದು ಕೂಟಕ್ಕೆ ಒಂದೇ ವಿಷಯ. ಕೇಳಬೇಕಾದ ಮೊದಲ ಪ್ರಶ್ನೆಯೊಂದಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ನನ್ನ ಬಳಿ ಬಂದು ಕೂತವರಿಗೆ ಹೇಳುತ್ತೇನೆ.

ಹಿಜ್ಕೀಯನ ವಚನವನ್ನು ಈಗ ನಾನೇ ಮೊದಲು ತೆರೆಸುತ್ತೇನೆ. ಮೋಶೆಯ ಕಾಲದಿಂದ ಹಿಜ್ಕೀಯನ ಕಾಲದವರೆಗೆ ಶತಮಾನಗಟ್ಟಲೆ ಆ ಸರ್ಪ ಉಳಿದಿತ್ತು, ಒಡೆಯುವಂತಾದದ್ದು ಜನರು ಅದರ ಮುಂದೆ ಮಾಡಿದ ಕೆಲಸದಿಂದ; ಆದರೂ ಯೋಹಾನ 3:14ರಲ್ಲಿ ಸ್ವಾಮಿ ತಮ್ಮ ಶಿಲುಬೆಗೆ ಅದೇ ಸರ್ಪವನ್ನು ಹೋಲಿಸಿಕೊಂಡರು. ಇಲ್ಲಿ ನಮ್ಮ ಭಾಷೆಯೇ ನಮಗೆ ತೊಡಕು. 787ರಲ್ಲಿ ನಿಸೇಯದಲ್ಲಿ ಸೇರಿದ್ದ ಧರ್ಮಾಧ್ಯಕ್ಷರ ಮಹಾಸಭೆ ದೇವರಿಗೆ ಸಲ್ಲುವ ಆರಾಧನೆಯನ್ನೂ ಚಿತ್ರಗಳಿಗೆ ಸಲ್ಲುವ ಗೌರವವನ್ನೂ ಬೇರೆ ಬೇರೆ ಪದಗಳಲ್ಲಿ ಬಿಡಿಸಿಟ್ಟಿತು. ಕನ್ನಡದಲ್ಲಿ ನಾವು ಬಲಿಪೂಜೆಗೂ ‘ಪೂಜೆ’ ಎನ್ನುತ್ತೇವೆ, ಊರ ದೇವಸ್ಥಾನದಲ್ಲಿ ನಡೆಯುವುದೂ ‘ಪೂಜೆ’. ಹಬ್ಬದ ದಿನ ಸ್ವರೂಪದ ಮುಂದೆ ಕೆಲವರು ಮಾಡುವುದನ್ನು ಕಂಡಾಗ, ಹಿಜ್ಕೀಯನ ವಚನ ನಮಗೂ ಅನ್ವಯಿಸುತ್ತದೆಯೆಂದು ನಾನು ಹಬ್ಬದ ಸಮಿತಿಯಲ್ಲಿ ಹೇಳಿ ಬೈಸಿಕೊಂಡಿದ್ದೇನೆ.

ಕನ್ನಡ ಕೈಹಿಡಿದ ಜಾಗವೂ ಇದೆ. ಮಾರ್ಕ 6:3ರಲ್ಲಿ ಯೇಸುಸ್ವಾಮಿಯ ಅಣ್ಣತಮ್ಮಂದಿರ ಹೆಸರುಗಳಿವೆ ಎಂದಾಗ, ನಾನು ಎದುರಿನವರನ್ನು ಕೇಳುವುದು ಇಷ್ಟೇ: ನಿಮ್ಮ ಚಿಕ್ಕಮ್ಮನ ಮಗನನ್ನು ಏನೆಂದು ಕರೆಯುತ್ತೀರಿ? ‘ತಮ್ಮ’ ಎನ್ನುತ್ತಾರೆ, ಬೇರೆ ಮಾತಿಲ್ಲ. ಆಗ ಮತ್ತಾಯ 27:56ಕ್ಕೆ ಹೋಗಿ, ಆ ಪಟ್ಟಿಯಲ್ಲಿರುವ ಹೆಸರುಗಳೇ ಆದ ಯಾಕೋಬ ಯೋಸೇಫ ಎಂಬಿಬ್ಬರ ತಾಯಿಯಾದ ಇನ್ನೊಬ್ಬ ಮರಿಯಳನ್ನು ತೋರಿಸುತ್ತೇನೆ. ಓದಿಕೊಂಡ ಪಾಸ್ಟರರೊಬ್ಬರು ಒಮ್ಮೆ, ಗ್ರೀಕಿನಲ್ಲಿ ಅಂಥ ಸಂಬಂಧಕ್ಕೆ ಬೇರೆ ಪದವೇ ಇದೆ, ಕೊಲೊಸ್ಸೆ 4:10 ನೋಡಿ ಎಂದರು. ಅದು ಗಟ್ಟಿಯಾದ ಮಾತು. ಅವತ್ತು ನಾನು ಗೆಲ್ಲಲಿಲ್ಲ, ಸೋಲಲೂ ಇಲ್ಲ.

ಎಲ್ಲಕ್ಕೂ ವಚನ ಹುಡುಕಲು ಹೋಗಬಾರದು. 1950ರಲ್ಲಿ ಜಗದ್ಗುರುಗಳಾದ (ಪೋಪ್) ಹನ್ನೆರಡನೆಯ ಪಯಸ್ ಘೋಷಿಸಿದ, ಮಾತೆ ಮರಿಯಮ್ಮನವರು ಆತ್ಮಶರೀರ ಸಮೇತ ಸ್ವರ್ಗಕ್ಕೆ ಒಯ್ಯಲ್ಪಟ್ಟರೆಂಬ ಸ್ವರ್ಗಸ್ವೀಕಾರಕ್ಕೆ ನೇರ ವಚನವಿಲ್ಲವೆಂದು ಒಪ್ಪಿಕೊಂಡೇ, ಎರಡನೆಯ ಥೆಸಲೋನಿಕ 2:15ಕ್ಕೆ ಹೋಗುತ್ತೇನೆ. ಬಾಯಿಮಾತಿನಿಂದ ಕಲಿತದ್ದನ್ನೂ ಹಿಡಿದುಕೊಳ್ಳಿರೆಂದು ಪೌಲರು ಅಲ್ಲಿ ಬರೆದಿದ್ದಾರೆ. ಒಪ್ಪಿಕೊಂಡದ್ದರಿಂದಲೇ ಮುಂದಿನ ಮಾತನ್ನು ಜನ ಕೇಳುತ್ತಾರೆ. ಇದೇ ಸರಪಳಿಯನ್ನು ವಾಟ್ಸಾಪಿನಲ್ಲಿ ಧ್ವನಿ ಸಂದೇಶವಾಗಿ ಕಳುಹಿಸಿಯೂ ನೋಡಿದೆ. ಒಂದು ತಿಂಗಳು ಜಗಳವಾಯಿತೇ ಹೊರತು ಒಬ್ಬರೂ ಪುಸ್ತಕ ತೆರೆಯಲಿಲ್ಲ.

ಪಾಸ್ಟರರ ಕೂಟಗಳಿಗೆ ಹೋಗತೊಡಗಿದ್ದ ನಮ್ಮವರ ಹನ್ನೊಂದು ಮನೆಗಳಲ್ಲಿ ಐದು ಈಗ ಭಾನುವಾರದ ಪೂಜೆಗೆ ಬರುತ್ತಿವೆ, ಎರಡು ಮನೆಯವರು ಎರಡೂ ಕಡೆ ಹೋಗುತ್ತಾರೆ, ಉಳಿದವು ಹೋದವು. ಬುದ್ಧಿ ಹೇಳಿದ್ದ ಹಿರಿಯರೇ ಈಗ ತಮ್ಮ ಮೊಮ್ಮಗಳನ್ನು ನನ್ನ ಬಳಿ ಕಳುಹಿಸುತ್ತಾರೆ ಎಂಬುದನ್ನು ಹೇಳದೆ ಬಿಡಲಾರೆ. ತಂಗಿಯ ಮಗ, ನನ್ನ ಸೋದರಳಿಯ, ಆ ಗುರುವಾರದ ನಂತರ ಬಂದು, “ಮಾವ, ನಿಮ್ಮ ಸತ್ಯವೇದ ಕೊಡಿ, ಅಂಚಿನ ಗುರುತುಗಳನ್ನೆಲ್ಲ ಇಳಿಸಿಕೊಳ್ಳುತ್ತೇನೆ” ಎಂದ. ಕೊಟ್ಟೆ, ರಟ್ಟಿನ ಒಳಗೆ ಕೈಯಾರೆ ಬರೆದು ಅಂಟಿಸಿದ್ದ ಎರಡು ಹಾಳೆಗಳನ್ನು ಮಾತ್ರ ಮೊದಲೇ ಬಿಡಿಸಿ ತೆಗೆದಿಟ್ಟುಕೊಂಡೆ.